ಮೂರು ಲೇಪದ ಜಡೆ

ಕೂದಲಿನ ವಿಷಯದಲ್ಲಿ ಮಾತನಾಡುವ ಹಕ್ಕು ನನಗಿಲ್ಲ ಎಂದು ನೀವು ಹೇಳಿದರೆ ನಾನು ವಾದ ಮಾಡುವುದಿಲ್ಲ. ನನ್ನ ತಲೆಯನ್ನು ನೋಡಿದ ಯಾರಾದರೂ ಹಾಗೆಯೇ ಹೇಳುತ್ತಾರೆ. ಕಿವಿಗಳ ಮೇಲೆ ಅಷ್ಟಿಷ್ಟು ಉಳಿದಿರುವುದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಹೈದರಾಬಾದಿನ ಬೋರಿನ ನೀರಿಗೆ ಅರ್ಪಿತವಾಗಿ ಬಹಳ ಕಾಲವಾಯಿತು. ಆದರೂ ಇತ್ತೀಚೆಗೆ ಅಂಗಡಿಗೆ ಹೋದಾಗ ಕಂಡೀಷನರ್ ಬಾಟಲಿಗಳ ಸಾಲಿನ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತೇನೆ. ಪಕ್ಕದಲ್ಲಿ ನಿಂತ ಹುಡುಗಿಯರು ನನ್ನ ತಲೆಯನ್ನೊಮ್ಮೆ, ಕೈಯಲ್ಲಿನ ಬಾಟಲಿಯನ್ನೊಮ್ಮೆ ನೋಡಿ, ಪಾಪ, ಮುದುಕ ಇನ್ನೂ ಆಸೆ ಬಿಟ್ಟಿಲ್ಲ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಕೂದಲಿರುವುದು ನನ್ನ ಹೆಂಡತಿ ಗಿರಿಜಾಳಿಗೆ. ಗದಗಿನಿಂದ ಮದುವೆಯಾಗಿ ಬಂದಾಗ ಅವಳ ಜಡೆ ಮೊಣಕಾಲನ್ನು ಮುಟ್ಟುತ್ತಿತ್ತು, ಈಗಲೂ ಹೆಚ್ಚುಕಡಿಮೆ ಮುಟ್ಟುತ್ತದೆ. ಬಂಧುಗಳ ಮದುವೆಗೆ ಹೋದರೆ ಯಾರಾದರೊಬ್ಬರು ಬಂದು, ನಿಮ್ಮ ಮನೆಯವರ ಜಡೆ ಎಷ್ಟು ಚೆಂದ ಎಂದು ನನಗೆ ಹೇಳುತ್ತಾರೆ. ಆ ಜಡೆಗೆ ನೀರೆರೆದು ಬೆಳೆಸಿದವನು ನಾನೇ ಎಂಬಂತೆ ನಾನು ವಿನಯದಿಂದ ತಲೆ ಬಾಗಿಸುತ್ತೇನೆ. ಬಾಗಿಸಿದಾಗ ಅವರಿಗೆ ನನ್ನ ನೆತ್ತಿ ಕಾಣುತ್ತದೆ, ಮಾತು ಬೇರೆ ಕಡೆ ತಿರುಗುತ್ತದೆ.

ನಾವು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಮನೆ ಮಾಡಿದಾಗ ಸುತ್ತ ಬಂಡೆಗಳೇ ಹೆಚ್ಚಿದ್ದವು. ಆಮೇಲೆ ಐಟಿ ಬಂತು. ಬಂಡೆಗಳಿದ್ದ ಕಡೆ ಅಪಾರ್ಟ್‌ಮೆಂಟುಗಳು, ಅಪಾರ್ಟ್‌ಮೆಂಟುಗಳ ಕೆಳಗೆ ಟಿಫಿನ್ ಸೆಂಟರುಗಳು, ಅವುಗಳ ಪಕ್ಕದಲ್ಲಿ ಲೇಡೀಸ್ ಹಾಸ್ಟೆಲುಗಳು ಎದ್ದವು. ಇಷ್ಟು ಜನಕ್ಕೆ ಸಾಲುವಷ್ಟು ನೀರು ನಲ್ಲಿಯಲ್ಲಿ ಬರುವುದುಂಟೇ? ಬೋರುಗಳು ಪಾತಾಳಕ್ಕಿಳಿದವು, ಟ್ಯಾಂಕರುಗಳು ಬೀದಿಗಿಳಿದವು. ಬಕೆಟ್ಟಿನ ಒಳಮೈಗೆ ಬಿಳಿ ಪೊರೆ ಕಟ್ಟಿಸುವ ಈ ಗಡಸು ನೀರು ತಲೆಯ ಮೇಲೆ ಬಿದ್ದರೆ ಕೂದಲು ಪೊರಕೆಯಾಗದೆ ಇನ್ನೇನಾದೀತು? ನಮ್ಮ ಕಾಲೋನಿಯಲ್ಲಿ ಹೆಂಗಸರು ಸೇರಿದರೆ ಮೊದಲು ಮಕ್ಕಳ ಸಂಬಳದ ಪ್ಯಾಕೇಜು, ಆಮೇಲೆ ಕೂದಲು ಉದುರುವ ಮಾತು. ಎರಡೂ ಈ ಊರಿಗೆ ಒಟ್ಟಿಗೇ ಬಂದವು.

ನಮ್ಮ ಮಗಳು ಪಲ್ಲವಿಯೂ ಆ ಪ್ಯಾಕೇಜಿನವಳೇ. ಮಣಿಕೊಂಡದ ಆಚೆ ಇರುವ ಯಾವುದೋ ಗಾಜಿನ ಕಟ್ಟಡದಲ್ಲಿ ಕೆಲಸ. ಅವಳದು ಗುಂಗುರು ಕೂದಲು. ಅದನ್ನು ಪಳಗಿಸಲು ಬಚ್ಚಲುಮನೆಯ ಹಲಗೆಯ ಮೇಲೆ ಅವಳು ಸಾಲಾಗಿ ಇಟ್ಟಿರುವ ಬಾಟಲಿಗಳನ್ನು ನೋಡಿದರೆ ಔಷಧದ ಅಂಗಡಿಯ ನೆನಪಾಗುತ್ತಿತ್ತು. ತಲೆ ತೊಳೆದ ಮೇಲೆ ಒಂದರ ಮೇಲೊಂದು ಹಚ್ಚಬೇಕಂತೆ, ಅದಕ್ಕೆ ಲೇಯರಿಂಗ್ ಅನ್ನುತ್ತಾರಂತೆ. ನನ್ನ ಸೋಪಿನ ಡಬ್ಬಿಗೆ ಜಾಗ ಉಳಿದಿದ್ದರೆ ಸಾಕು ಎಂದು ನಾನು ಆ ವಿದ್ಯೆಯ ತಂಟೆಗೆ ಹೋಗಿರಲಿಲ್ಲ.

ಹೋಗಬೇಕಾಗಿ ಬಂದದ್ದು ಸೊಪ್ಪಿನ ದೆಸೆಯಿಂದ. ನಾವು ಪುಂಡಿಪಲ್ಯ ಎನ್ನುವ, ಇಲ್ಲಿಯವರು ಗೋಂಗೂರ ಎನ್ನುವ ಸೊಪ್ಪಿನ ಮೇಲೆ ಗಿರಿಜಾ ರೈತು ಬಜಾರಿನಲ್ಲಿ ಕಾಲಿಟ್ಟು ಜಾರಿದಳು. ಬಲಗೈಯ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಅಡುಗೆಗೆ ಒಬ್ಬರು ಸಿಕ್ಕರು, ಕಸಮುಸುರೆಗೆ ಮೊದಲಿನಿಂದಲೂ ಒಬ್ಬರಿದ್ದರು, ಆದರೆ ಮೊಣಕಾಲುದ್ದದ ಕೂದಲಿಗೆ ಯಾರು? ಮೊದಲ ಭಾನುವಾರ ಪಲ್ಲವಿ ತಲೆ ಎರೆದಳು. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಅವರ ಭಾಷೆಯಲ್ಲಿ ಅಂದು ರಿಲೀಸ್, ಅಂದರೆ ಹೊಸ ಸಾಫ್ಟ್‌ವೇರ್ ಹೊರಬಿಡುವ ದಿನ. ಒದ್ದೆ ಕೂದಲನ್ನು ಹಾಗೆಯೇ ಬಿಟ್ಟು ಓಡಿದಳು. ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿ ಒಣಗಿ, ತಾನಾಗಿ ಗಂಟುಗಟ್ಟಿ ಕೂತಿತ್ತು. ಗಿರಿಜಾ ಎಡಗೈಯಿಂದ ಬಾಚಲು ನೋಡಿದಳು, ಆಗಲಿಲ್ಲ. ಬಾಚಣಿಗೆಯನ್ನು ಮಂಚದ ಮೇಲೆ ಎಸೆದು, "ಇದನ್ನ ಕತ್ತರಿಸಿ ಒಗದ ಬಿಡ್ತೀನ್ರಿ. ನನಗ ಸಾಕಾಗೇತಿ" ಅಂದಳು.

ಅವಳು ಸುಮ್ಮನೆ ಆಡುವ ಮಾತು ಯಾವುದು, ಮಾಡಿ ತೋರಿಸುವ ಮಾತು ಯಾವುದು ಎಂದು ಇಷ್ಟು ವರ್ಷದಲ್ಲಿ ನನಗೆ ತಿಳಿದಿದೆ. ಇದು ಎರಡನೆಯದಾಗಿತ್ತು. ಕೆಳಗಿನ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ತೆಲುಗಿನ ಸುಜಾತಾ ಅವರಿಗೆ ಅಂದೇ ಹೇಳಿ ಕಳಿಸಿದಳು. ಮುಂದಿನ ಭಾನುವಾರ ಸಂಜೆ ಬಂದು ಹೆಗಲಿನ ಮಟ್ಟಕ್ಕೆ ಕತ್ತರಿಸುವುದು ಎಂದು ಗೊತ್ತಾಯಿತು. ನನಗೆ ನಿಜವಾಗಿ ಸಂಕಟವಾಯಿತು. ನನಗೊಂದು ಅವಕಾಶ ಕೊಡು, ಆ ಭಾನುವಾರ ನಾನು ನೋಡಿಕೊಳ್ಳುತ್ತೇನೆ, ಸಂಜೆಯೊಳಗೆ ಸಿಕ್ಕಿಲ್ಲದ ಜಡೆ ಹೆಣೆದು ತೋರಿಸದಿದ್ದರೆ ಕತ್ತರಿ ನಿನ್ನದು ಎಂದೆ. ಅವಳು ನನ್ನ ತಲೆಯನ್ನೊಮ್ಮೆ ನೋಡಿ ಒಪ್ಪಿದಳು.

ನನ್ನ ಧೈರ್ಯಕ್ಕೆ ಕಾರಣವಿತ್ತು. ನನ್ನ ಜೀವಮಾನವೆಲ್ಲ ಕಳೆದದ್ದು ಒಂದು ಸರಕಾರಿ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ, ತಪಾಸಣೆಯ ಕೆಲಸದಲ್ಲಿ. ಪಲ್ಲವಿ ನನಗೆ ತನ್ನ ಲೇಯರಿಂಗನ್ನು ಅವಸರದಲ್ಲಿ ವಿವರಿಸಿದಾಗ ನನಗೆ ನಗು ಬಂತು. ಮೊದಲು ತೊಳೆಯುವುದು, ಆಮೇಲೆ ನೀರಾದ ಹಾಲಿನಂಥ ಒಂದು ಕಂಡೀಷನರು, ಅದರ ಮೇಲೆ ಕ್ರೀಮು, ಕೊನೆಗೆ ಎಣ್ಣೆ. ಇದರಲ್ಲಿ ಹೊಸತೇನಿದೆ? ಜಿಡ್ಡು ತೆಗೆದು ತೊಳೆ, ಪ್ರೈಮರ್ ಹಚ್ಚು, ಅದರ ಮೇಲೆ ಬಣ್ಣ, ಕೊನೆಗೆ ಹೊಳಪು. ಮೂರು ಲೇಪ. ಇಷ್ಟು ದಿನ ಲೋಹಕ್ಕೆ ಮಾಡಿಸಿದ್ದನ್ನು ಕೂದಲಿಗೆ ಮಾಡಲಾರೆನೇ?

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹಳೆಯ ಕವಿಗಳು ಹೆಣ್ಣಿನ ಮುಡಿಯನ್ನು ದುಂಬಿಯ ಹಿಂಡು, ಕಾರ್ಮೋಡ, ಕರಿನಾಗರ ಎಂದೆಲ್ಲ ಹಾಡಿದ್ದಾರೆ. ಮಿಂದ ಕೂದಲಿಗೆ ಅಗರು ಧೂಪ ಹಾಕಿಸಿ, ಮಲ್ಲಿಗೆ ಮುಡಿಸಿ ಕಳಿಸುತ್ತಾರೆ. ಮೀಯುವುದಕ್ಕೂ ಧೂಪಕ್ಕೂ ನಡುವೆ ಏನಾಯಿತು ಎಂದು ಮಾತ್ರ ಒಬ್ಬರೂ ಬರೆದಿಡಲಿಲ್ಲ. ದುಂಬಿಯ ಹಿಂಡಿನಲ್ಲಿ ಬಾಚಣಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು? ಆ ಕವಿಗಳು ಒಂದು ಭಾನುವಾರವಾದರೂ ಹೆಂಡತಿಯ ಸಿಕ್ಕು ಬಿಡಿಸಿದ್ದರೆ ನನ್ನಂಥವನಿಗೆ ಉಪಕಾರವಾಗುತ್ತಿತ್ತು.

ಭಾನುವಾರ ಬಂತು. ತಲೆ ಎರೆದು, ಗಿರಿಜಾಳನ್ನು ಬಾಲ್ಕನಿಯ ಸ್ಟೂಲಿನ ಮೇಲೆ ಕೂರಿಸಿ, ಮೊದಲನೆಯ ಲೇಪ ಹಚ್ಚಿದೆ. ಆಮೇಲೆ ಟೇಬಲ್ ಫ್ಯಾನು ಹಾಕಿ ಕಾಯುತ್ತ ಕುಳಿತೆ. ಯಾಕೆಂದರೆ ಪೇಂಟ್ ಶಾಪಿನ ಮೊದಲ ಪಾಠವೇ ಅದು. ಕೆಳಗಿನ ಲೇಪ ಪೂರ್ತಿ ಒಣಗದೆ ಮೇಲಿನದನ್ನು ಹಚ್ಚಕೂಡದು, ಹಚ್ಚಿದರೆ ಬಣ್ಣ ಸುಕ್ಕುಗಟ್ಟುತ್ತದೆ. ಈ ಒಂದು ತಪ್ಪಿಗಾಗಿ ನಾನು ಎಷ್ಟು ಮಾಲನ್ನು ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ಆಗಾಗ ಎದ್ದು, ಬೆರಳಿನ ಹಿಂಬದಿಯಿಂದ ಕೂದಲನ್ನು ಮುಟ್ಟಿ ನೋಡಿ, ಇನ್ನೂ ಆಗಿಲ್ಲ ಎಂದು ತಲೆಯಾಡಿಸುತ್ತಿದ್ದೆ. ಗರಿಗರಿಯಾಗಿ ಒಣಗಿದ ಮೇಲೆ ಕ್ರೀಮು. ಮತ್ತೆ ಫ್ಯಾನು. ಗಿರಿಜಾ ಊಟವನ್ನೂ ಅಲ್ಲೇ, ಕೂದಲನ್ನು ಇನ್ನೊಂದು ಕುರ್ಚಿಯ ಮೇಲೆ ಹರವಿಕೊಂಡು, ಎಡಗೈಯ ಚಮಚದಲ್ಲಿ ಮಾಡಿದಳು. ಎಣ್ಣೆಯ ಬಟ್ಟಲು ತಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಅವಳ ತವರಿನಲ್ಲಿ ಎಣ್ಣೆ ಹಚ್ಚುವುದು ತಲೆ ಎರೆದುಕೊಳ್ಳುವ ಮೊದಲು. ಎರೆದುಕೊಂಡ ಮೇಲೆ ಹಚ್ಚಿದರೆ ಅಪಶಕುನ.

"ತಲಿ ಎರಕೊಂಡ ಮ್ಯಾಲೆ ಯಾರರೆ ಎಣ್ಣಿ ಹಚ್ಚತಾರೇನ್ರಿ?" ಅಂದಳು. "ನಮ್ಮವ್ವ ಇದ್ದಿದ್ರ ನಿಮ್ಮನ್ನ ಮನಿ ಹೊರಗ ನಿಲ್ಲಸತಿದ್ಲು."

ಮೂರನೆಯ ಲೇಪವಿಲ್ಲದೆ ಮಾಲು ಪಾಸಾಗುವುದಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಹಚ್ಚುವ ಕೈ ತನ್ನದಲ್ಲವಾದ್ದರಿಂದ ದೋಷವೂ ತನ್ನದಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು. ಎಣ್ಣೆಯೂ ಆಯಿತು. ಬಾಚಣಿಗೆ ಹಾಕಿದೆ. ಅದು ಅಲ್ಲೇ ನಿಂತಿತು, ಕೈ ಬಿಟ್ಟರೂ ಕೆಳಗೆ ಬೀಳಲಿಲ್ಲ. ಕೂದಲು ಮುಟ್ಟಿದರೆ ಒಳಗೆ ತೆಂಗಿನ ನಾರು, ಹೊರಗೆ ಜಿಡ್ಡು. ಅಲ್ಲಲ್ಲಿ ಕ್ರೀಮು ಬಿಳಿಯಾಗಿ ಪೊರೆ ಕಟ್ಟಿತ್ತು. ತಪಾಸಕನಾಗಿ ನೋಡಿದರೆ ಆ ಮಾಲನ್ನು ನಾನೇ ತಿರಸ್ಕರಿಸಬೇಕಿತ್ತು.

ಸಂಜೆ ಸುಜಾತಾ ಅವರು ಕತ್ತರಿ ಹಿಡಿದು ಬಂದರು. ಅವರು ಒಂದು ಎಳೆಯನ್ನು ಎತ್ತಿ ನೋಡಿ, ಮೂಸಿ, ಇದಕ್ಕೆ ಮೊದಲು ಯಾವ ಪಾರ್ಲರಿಗೆ ಹೋಗಿದ್ದಿರಿ ಎಂದು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು. ಗಿರಿಜಾ ನನ್ನ ಕಡೆ ಬೆರಳು ತೋರಿಸಿದಳು. ಇಷ್ಟು ಗಂಟಿರುವ ಕೂದಲನ್ನು ನೇರವಾಗಿ ಕತ್ತರಿಸಲು ಯಾರಿಂದಲೂ ಆಗುವುದಿಲ್ಲ, ಮೊದಲು ಸಿಕ್ಕು ಬಿಡಿಸಿ, ಆಮೇಲೆ ಕರೆಯಿರಿ ಎಂದು ಹೇಳಿ ಅವರು ಹೊರಟುಹೋದರು. ಹೀಗೆ ನಾನು ಮಾಡಿದ ಸಿಕ್ಕೇ ಅಂದು ಜಡೆಯನ್ನು ಕಾಪಾಡಿತು. ಇದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಪಲ್ಲವಿ ಮನೆಗೆ ಬಂದು ವಿಷಯ ಕೇಳಿ ಸೋಫಾದ ಮೇಲೆ ಬಿದ್ದು ನಕ್ಕಳು. ಉಸಿರು ತಿರುಗಿದ ಮೇಲೆ ಹೇಳಿದಳು: "ಅಪ್ಪಾ, ಇದು ನಿಮ್ಮ ಫ್ಯಾಕ್ಟರಿ ಮಾಲಲ್ಲ. ಹಸಿ ಇದ್ದಾಗನ ಎಲ್ಲಾ ಹಚ್ಚಬೇಕು. ಒಳಗಿನ ನೀರು ಆರಬಾರದು ಅಂತನ ಮ್ಯಾಲಿಂದ ಮುಚ್ಚೋದು."

ನಾವು ಕಾರ್ಖಾನೆಯಲ್ಲಿ ಲೇಪ ಹಚ್ಚುತ್ತಿದ್ದದ್ದು ನೀರನ್ನು ಹೊರಗಿಡಲು, ತುಕ್ಕು ಹಿಡಿಯದಿರಲು. ಇಲ್ಲಿ ನೀರನ್ನು ಒಳಗೇ ಇಟ್ಟುಕೊಳ್ಳಬೇಕು. ಇಡೀ ವಿದ್ಯೆಯನ್ನೇ ತಲೆಕೆಳಗು ಮಾಡಿ ಹಿಡಿಯಬೇಕಿತ್ತು. ಮುಂದಿನ ಭಾನುವಾರ, ಇನ್ನೂ ತೊಟ್ಟಿಕ್ಕುತ್ತಿದ್ದ ಕೂದಲನ್ನು ನಾಲ್ಕು ಭಾಗ ಮಾಡಿ, ತುದಿಯಿಂದ ಮೇಲಕ್ಕೆ ಹಾಲಿನಂಥದ್ದನ್ನು ಹಚ್ಚಿ, ಆರುವ ಮೊದಲೇ ಕ್ರೀಮು ಹಚ್ಚಲು ಹೋದಾಗ ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಮನಸ್ಸು ಗಟ್ಟಿ ಮಾಡಿ ಹಚ್ಚಿದೆ. ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಉಜ್ಜಿಕೊಂಡು ಮೇಲಿನಿಂದ ಸವರಿದೆ. ನನ್ನ ಹಳೆಯ ಬನಿಯನ್ನಿನಲ್ಲಿ ಮೆತ್ತಗೆ ಒತ್ತಿ, ಅಗಲ ಹಲ್ಲಿನ ಬಾಚಣಿಗೆಯನ್ನು ಕೆಳಗಿನಿಂದ ಶುರು ಮಾಡಿದೆ. ಕೊನೆಗೆ ನೆತ್ತಿಯಲ್ಲಿ ಇಟ್ಟ ಬಾಚಣಿಗೆ ಎಲ್ಲಿಯೂ ನಿಲ್ಲದೆ ತುದಿಯವರೆಗೆ ಇಳಿದು ಬಂತು. ನನಗಾದ ಸಂತೋಷವನ್ನು ಹೇಳಲು ನಾಚಿಕೆಯಾಗುತ್ತದೆ. ಬಡ್ತಿ ಸಿಕ್ಕಾಗಲೂ ಇಷ್ಟು ಹಿಗ್ಗಿರಲಿಲ್ಲ. ಮಲಗಿದ್ದ ಪಲ್ಲವಿಯನ್ನು ಎಬ್ಬಿಸಿ ತಂದು ತೋರಿಸಿದೆ. ಪ್ಲಾಸ್ಟರ್ ತೆಗೆಯುವವರೆಗೆ ಇರಲಿ, ಆಮೇಲೆ ನೋಡೋಣ ಎಂದು ಗಿರಿಜಾ ಅಂದಳು. ನನ್ನ ಹಿಗ್ಗಿನಲ್ಲಿ ಆ 'ಆಮೇಲೆ' ನನ್ನ ಕಿವಿಗೆ ಬಿದ್ದರೂ ಬೀಳದಂತಿತ್ತು.

ಭಾನುವಾರಗಳು ಕಳೆದಂತೆ ನನಗೆ ಹಿಗ್ಗಿನ ಜೊತೆಗೆ ಹೆಗಲು ನೋವೂ ಬಂತು. ಒದ್ದೆಯಾದ ಆ ಕೂದಲಿಗೆ ಎಂಥ ಭಾರ! ಎರಡು ಕೈಯಲ್ಲಿ ಎತ್ತಿ ಹಿಡಿದರೆ ಸೋಲುತ್ತಿತ್ತು. ತಲೆ ಎರೆದುಕೊಂಡ ದಿನ ಗಿರಿಜಾ ಮಧ್ಯಾಹ್ನ ಕತ್ತು ಹಿಡಿದುಕೊಂಡು ಮಲಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಈ ಊರಿನ ಬಿಸಿಲಿನ ಕಾರಣ ಅಂದುಕೊಂಡಿದ್ದೆ. ಮದುವೆ ಮನೆಗಳಲ್ಲಿ ನಾನು ಸ್ವೀಕರಿಸಿದ ಹೊಗಳಿಕೆಯ ತೂಕ ಇಷ್ಟು ಎಂದು ನನ್ನ ಹೆಗಲಿಗೆ ಈಗ ಗೊತ್ತಾಗಿತ್ತು. ನನಗೆ ಅವಳ ಮೇಲೆ ಎಂದೂ ಬಂದಿರದಷ್ಟು ಅಕ್ಕರೆ ಬಂತು.

ಪ್ಲಾಸ್ಟರ್ ತೆಗೆದರು. ಕೈ ಚೆನ್ನಾಗಿ ಕೂಡಿದೆ, ಎಲ್ಲ ಕೆಲಸ ಮಾಡಬಹುದು ಎಂದರು ಡಾಕ್ಟರು. ಮನೆಗೆ ಬಂದ ಕೂಡಲೇ, ಅವಳು ಬಾಯಿ ತೆರೆಯುವ ಮೊದಲು, ನಾನೇ ಹೇಳಿಬಿಟ್ಟೆ: "ಗಿರಿಜಾ, ಬೇಕಂದ್ರ ಕತ್ತರಿಸಿ ಬಿಡು. ಭಾಳ ಭಾರ ಐತಿ. ನನ್ನ ಸಲುವಾಗಿ ಹೊರಬ್ಯಾಡ." ಮನಸ್ಸಿನಿಂದಲೇ ಹೇಳಿದ್ದೆ.

ಅವಳು ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿ ನೋಡುತ್ತ ಕುಳಿತಿದ್ದಳು. ತಲೆ ಎತ್ತಿ ನನ್ನನ್ನು ನೋಡಿ ನಕ್ಕಳು.

"ಈಗ್ಯಾಕ ಕತ್ತರಿಸ್ಲಿ?" ಅಂದಳು. "ಇಷ್ಟ ವರ್ಷ ನೀವು ನೋಡಿದ್ರಿ, ನಾ ಹೊತ್ತೆ. ಈಗರೆ ಹೊರಾಕ ಒಬ್ರು ಸಿಕ್ಕಾರ."

ಮರುದಿನ ಭಾನುವಾರ. ನಾನು ಹಳೆಯ ಬನಿಯನ್ ಹುಡುಕಿಕೊಂಡು ಬಾಲ್ಕನಿಗೆ ಬರುವಷ್ಟರಲ್ಲಿ ಅವಳು ತಲೆ ಎರೆದುಕೊಂಡು ಬಂದು, ನನ್ನ ಕಡೆ ಬೆನ್ನು ಮಾಡಿ, ನೀರು ತೊಟ್ಟಿಕ್ಕುವ ಕೂದಲನ್ನು ಸ್ಟೂಲಿನ ಹಿಂದೆ ಇಳಿಬಿಟ್ಟು ಕುಳಿತಿದ್ದಳು. ವಾಸಿಯಾದ ಬಲಗೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ಆರಾಮಾಗಿ ಕುಡಿಯುತ್ತಿದ್ದಳು.