ದೆವ್ವಕ್ಕೆ ದೃಷ್ಟಿ ತೆಗೆದ ನೀಲಗಂಗಮ್ಮ

ಮೆಟ್ರಿ ಎಂಬ ಊರಲ್ಲಿ ಯಾವ ಕೂಸು ರಚ್ಚೆ ಹಿಡಿದರೂ ತಾಯಂದಿರು ನೀಲಗಂಗಮ್ಮನ ಮನೆಗೆ ಓಡುತ್ತಿದ್ದರು. ಆಕೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳೆಂದರೆ ಅತ್ತ ಕೂಸು ನಗಲೇಬೇಕು. ಮಕ್ಕಳಿಲ್ಲದ ಆಕೆಗೆ ಊರ ಕೂಸುಗಳೇ ಮೊಮ್ಮಕ್ಕಳು.

ಆಮೇಲೆ ಆಕೆ ದೆವ್ವವಾದಳು. ಕಂಪ್ಲಿಯ ಅಕ್ಕಿ ಗಿರಣಿಯವರ ಮಗ ಹಾಲೇಶ್ ಸಿನಿಮಾ ಹುಚ್ಚಿನಲ್ಲಿ ಒಂದು ದೆವ್ವದ ಚಿತ್ರ ತೆಗೆದು ಯೂಟ್ಯೂಬಿಗೆ ಬಿಟ್ಟ. ಅದರಲ್ಲಿ ಕೂದಲು ಕೆದರಿಕೊಂಡು ಬಾವಿಯಿಂದ ಎದ್ದುಬರುವ ಮುದುಕಿ ಈಕೆಯೇ. ಪುಣ್ಯಾತ್ಗಿತ್ತಿ ಎಷ್ಟು ಚೆನ್ನಾಗಿ ಮಾಡಿದಳೆಂದರೆ, ಮಕ್ಕಳು ಆಕೆಯನ್ನು ಕಂಡೊಡನೆ ತಾಯಿಯ ಸೆರಗಿನಲ್ಲಿ ಅಡಗಿದವು. ಎದುರುಮನೆಯ ಅಕ್ಕನಾಗಮ್ಮ ಕೂಡ ಮೊಮ್ಮಗಳಿಗೆ ದೃಷ್ಟಿ ತೆಗೆಸಲು ಬೇರೆ ಓಣಿಗೆ ಹೋದಳು. ಅವತ್ತು ನೀಲಗಂಗಮ್ಮನಿಗೆ ಅನ್ನ ಸೇರಲಿಲ್ಲ.

ಎರಡನೇ ಭಾಗ ಮಾಡುತ್ತೇನೆಂದು ಹಾಲೇಶ್ ಬಂದಾಗ ಬಾಗಿಲಲ್ಲೇ ತಡೆದಳು. “ಮತ್ತ ದೆವ್ವ ಆಗಂಗಿಲ್ಲಪ್ಪ. ಒಂದ್ ಕೂಸೂ ಹತ್ರ ಬರವಲ್ದು.”

“ಈ ಸಲ ನೀ ನೀನ ಆಗಿರ್ತಿ ಅವ್ವಾ. ಹೋದ ಸಿನಿಮಾದಾಗ ದೆವ್ವದ ಪಾತ್ರ ಮಾಡಿದ್ದ ನೀಲಗಂಗಮ್ಮ ಅಂತನ. ಆ ದೆವ್ವ ನಿನ್ನ ಮನಿಗೇ ಬರ್ತೈತಿ. ನೀ ಹೆದರಬೇಕು.”

“ನನ್ನ ದೆವ್ವಕ್ಕ ನಾನ ಹೆದರಬೇಕಾ? ಚಲೋ ಆತು.” ನಗು ಬಂತು, ಒಪ್ಪಿಬಿಟ್ಟಳು.

ಶೂಟಿಂಗ್ ಆಕೆಯ ಅಂಗಳದಲ್ಲೇ, ಮಟಮಟ ಮಧ್ಯಾಹ್ನ. ಊರೆಲ್ಲ ಗೋಡೆಯಾಚೆ ನೆರೆದಿತ್ತು. ದೆವ್ವದ ಪಾತ್ರಕ್ಕೆ ಹೊಸಪೇಟೆಯ ಕಾಲೇಜು ಹುಡುಗಿ ಅಪೇಕ್ಷಾ ಬಂದಿದ್ದಳು, ಮುಖದ ತುಂಬ ಬಿಳಿ ಬಣ್ಣ. ಕ್ಯಾಮೆರಾ ಓಡುತ್ತಿತ್ತು. ದೆವ್ವ ಕೈ ಚಾಚಿ ಹತ್ತಿರ ಬಂತು, ಬಂದದ್ದೇ ಬಿಸಿಲಿಗೆ ತಲೆ ತಿರುಗಿ ಕಟ್ಟೆಯ ಮೇಲೆ ಕುಸಿಯಿತು.

ನೀಲಗಂಗಮ್ಮ ಹೆದರುವುದನ್ನೇ ಮರೆತಳು. “ಊರ ಮಂದಿ ಕಣ್ಣೆಲ್ಲ ಈ ಹುಡುಗಿ ಮ್ಯಾಲ ಬಿದ್ದಾವು,” ಎನ್ನುತ್ತ ನೀರು ಕುಡಿಸಿ, ಒಳಗಿಂದ ಉಪ್ಪು, ಮೆಣಸಿನಕಾಯಿ ತಂದು ನಿವಾಳಿಸತೊಡಗಿದಳು. “ಹಾದಿ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ದೆವ್ವದ ಕಣ್ಣು...” ದೆವ್ವ ಕೈಮುಗಿದು ಕೂತಿತ್ತು. ಅಂಗಳದ ಒಲೆಗೆ ಬಿದ್ದ ಮೆಣಸಿನಕಾಯಿ ಸುಟ್ಟು ಕರಕಲಾಯಿತು, ಘಾಟು ಮಾತ್ರ ಬರಲಿಲ್ಲ.

“ನೋಡ್ರಿ, ಎಷ್ಟು ದೃಷ್ಟಿ ಆಗಿತ್ತು.”

ದೆವ್ವ ನಕ್ಕಿತು. ಅದನ್ನು ನೋಡಿ ಗೋಡೆಯಾಚೆಯ ಮಕ್ಕಳೂ ನಕ್ಕವು. ಹಾಲೇಶನಂತೂ ಕ್ಯಾಮೆರಾ ನಿಲ್ಲಿಸಲೇ ಇಲ್ಲ. ಕತೆ ಎಲ್ಲಿಗೆ ಮುಗಿಯಿತು, ಊರು ಎಲ್ಲಿಂದ ಶುರುವಾಯಿತು ಎಂದು ಅವನಿಗೂ ತಿಳಿದಿರಲಿಕ್ಕಿಲ್ಲ. ಅಷ್ಟರಲ್ಲಿ ಅಕ್ಕನಾಗಮ್ಮ ಮೊಮ್ಮಗಳನ್ನು ಎತ್ತಿಕೊಂಡು ಕ್ಯಾಮೆರಾ ಮುಂದೆಯೇ ನುಗ್ಗಿಬಂದಳು.

“ಈಕಿಗೂ ತೆಗಿಯವ್ವಾ. ನಿನ್ನೆಯಿಂದ ಒಂದ್ ತುತ್ತು ಉಂಡಿಲ್ಲ.”

“ಅಮ್ಮಾ, ಶೂಟಿಂಗ್ ನಡದೈತ್ರಿ,” ಎಂದ ಹಾಲೇಶ್.

“ನಡೀಲಿ ಬಿಡಪ್ಪ. ಮೊದ್ಲು ಕೂಸು,” ಎಂದಳು ನೀಲಗಂಗಮ್ಮ.

ದೆವ್ವ ಸರಿದು ಕೂಸಿಗೆ ಕಟ್ಟೆಯ ಮೇಲೆ ಜಾಗ ಬಿಟ್ಟಿತು. ಮತ್ತೆ ಉಪ್ಪು ತರಲು ಒಳಗೆ ಓಡಿದ ನೀಲಗಂಗಮ್ಮನ ಕಣ್ಣು ತುಂಬಿ ಬಂತು. ಮೆಣಸಿನಕಾಯಿ ಘಾಟು ಎನ್ನೋಣವೆಂದರೆ, ಅದು ಬಂದೇ ಇರಲಿಲ್ಲವಲ್ಲ.