ಇನ್ನೂರಕ್ಕೆ ನಿಲ್ಲಿಸುವ ಗಾಳಿಯಕ್ಕ

ನನ್ನ ಗಂಡನ ಅಕ್ಕ ಗಾಳಿ ಮಾರಿ ಬದುಕುವವರು. ಮದುವೆಯಾದ ಹೊಸತರಲ್ಲಿ ಯಾರೋ ಹಾಗೆಂದಾಗ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ನಿಜಕ್ಕೂ ಅವರ ಕಸುಬೇ ಅದು. ಬಂದರಿನ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ಕಂಪ್ರೆಸರ್. ನೀರಿನಡಿ ಕೆಲಸ ಮಾಡುವ ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಅಲ್ಲಿ ಉಸಿರಾಡುವ ಗಾಳಿ ತುಂಬಿಕೊಡುತ್ತಾರೆ. ಹೀಗಾಗಿ ಊರಿಗೆಲ್ಲ ಅವರು ಗಾಳಿಯಕ್ಕ.

ಸಿಲಿಂಡರ್ ಬಂದ ಕೂಡಲೇ ಅಕ್ಕ ಅದರ ಉಪ್ಪು, ಕೊಳೆ ಒರೆಸಿ, ಕನ್ನಡಕ ಏರಿಸಿ, ಕುತ್ತಿಗೆಯ ಕೆಳಗೆ ಲೋಹದಲ್ಲೇ ಒತ್ತಿದ ಗುರುತುಗಳನ್ನು ಓದುತ್ತಾರೆ. ಹೊರದೇಶದ ಮಾಲು ಒಂದೊಂದೂ ಒಂದೊಂದು ಥರ. ಕೆಲವುಗಳ ಮೇಲೆ ಒತ್ತಡ ಬಾರ್ ಲೆಕ್ಕದಲ್ಲಿರುತ್ತದೆ, ಕೆಲವುಗಳ ಮೇಲೆ ಪೌಂಡ್ ಲೆಕ್ಕದಲ್ಲಿ. ಪೌಂಡಿನ ಮೂರು ಸಾವಿರ ಅಂದರೆ ಬಾರ್‌ನ ಇನ್ನೂರಕ್ಕಿಂತ ಚೂರು ಮೇಲೆ. ಕೊನೆಯ ಪರೀಕ್ಷೆಯ ತಾರೀಕು ಹಳತಾಗಿದ್ದರೆ ಸಿಲಿಂಡರ್ ಬಾಗಿಲಾಚೆಗೆ, ಎಷ್ಟು ಗೋಗರೆದರೂ ಅಷ್ಟೇ. ಎಲ್ಲ ಸರಿಯಿದ್ದರೆ ಬಂದವರನ್ನು ಗೋಡೆಯಾಚೆ ಅಟ್ಟಿ, ಬಾಗಿಲು ಹಾಕಿಕೊಂಡು, ಒಬ್ಬರೇ ಒಳಗೆ ನಿಂತು ತುಂಬುತ್ತಾರೆ. ಸಿಡಿದರೆ ತಾನೊಬ್ಬಳೇ ಇರಲಿ ಅನ್ನುವುದು ಅವರ ವಾದ. ಇಂಥ ವಾದಕ್ಕೆ ಸಿಟ್ಟಾಗಬೇಕೋ ಕೈ ಮುಗಿಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮವರೂ ಮುಳುಗುಗಾರರೇ. ದೋಣಿ, ಹಡಗುಗಳ ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ, ಬಲೆ ಕತ್ತರಿಸುವುದು ಅವರ ಕೆಲಸ. ಮೊಂಡುತನದಲ್ಲಿ ಅಕ್ಕನಿಗೆ ತಕ್ಕ ತಮ್ಮ. ಒಂದು ಸಂಜೆ ಹೊರದೇಶದಿಂದ ಬಂದ ಉಕ್ಕಿನ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು, ಲಾಟರಿ ಹೊಡೆದವರ ಹಾಗೆ ಶೆಡ್ಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಅದರ ಮೇಲೆ ಒತ್ತಡದ ಎರಡು ಸಂಖ್ಯೆಗಳಿದ್ದವು. ಇನ್ನೂರು, ದಿನಬಳಕೆಗೆ ತುಂಬುವಷ್ಟು. ಮುನ್ನೂರು, ನೀರು ತುಂಬಿ ಪರೀಕ್ಷೆ ಮಾಡುವಾಗ ಮಾತ್ರ ಕೊಡುವಷ್ಟು. ನಮ್ಮವರ ಕಣ್ಣಿಗೆ ಬಿದ್ದದ್ದು ದೊಡ್ಡದು ಮಾತ್ರ. ಮರುದಿನ ಹಡಗೊಂದರ ಅಡಿಯಲ್ಲಿ ಕೆಲಸವಿತ್ತು. ಇನ್ನೂರೈವತ್ತು ತುಂಬಿಕೊಟ್ಟರೆ ಮಧ್ಯೆ ಮೇಲೆ ಬರದೆ ಒಂದೇ ಸಲಕ್ಕೆ ಮುಗಿಸುತ್ತೇನೆ ಎಂದು ಹಟ ಹಿಡಿದರು.

“ಮುನ್ನೂರು ತಡ್ಕೊಂಡಿದೆ ಅಂತ ಅದರ ಮೇಲೇ ಬರ್ದಿದೆಯಲ್ಲ ಅಕ್ಕ.”

“ನೀನೂ ಒಂದ್ಸಲ ವಿಷಮಜ್ವರ ತಡ್ಕೊಂಡಿದ್ದೀಯ. ಹಾಗಂತ ದಿನಾ ಬರ್ಲಾ?”

ನಾನು ಕಿಸಕ್ಕನೆ ನಕ್ಕೆ. ನಮ್ಮವರು ನಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಅಕ್ಕನಿಗೆ ವಯಸ್ಸಾಯಿತು, ಪುಕ್ಕಲಿಯಾಗಿದ್ದಾಳೆ, ಪಕ್ಕದ ಬಂದರಿಗೆ ಹೋಗಿ ತುಂಬಿಸಿಕೊಳ್ಳುತ್ತೇನೆ ಎಂದೆಲ್ಲ ಎಗರಾಡಿದರು. ಅಲ್ಲಿ ಗುರುತು ಓದುವವರು ಯಾರೂ ಇಲ್ಲವೆಂದು ಮೂವರಿಗೂ ಗೊತ್ತಿತ್ತು. ಕೇಳಿದಷ್ಟು ತುಂಬಿ ಕಳಿಸುತ್ತಾರೆ, ಈ ಪುಣ್ಯಾತ್ಮ ಅದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ.

ಅಕ್ಕ ಸಿಲಿಂಡರನ್ನು ಕಂಪ್ರೆಸರಿನ ಪಕ್ಕಕ್ಕೆ ಎಳೆದುಕೊಂಡರು.

“ತುಂಬ್ತೀನಿ. ಇಬ್ರೂ ಆಚೆ ನಡೀರಿ.”

ಬಾಗಿಲು ಮುಚ್ಚಿತು, ಕಂಪ್ರೆಸರ್ ಶುರುವಾಯಿತು. ನಮ್ಮವರು ಗೆದ್ದ ಮುಖ ಮಾಡಿಕೊಂಡು ಗೋಡೆಗೆ ಒರಗಿದರು. ಸದ್ದು ಭಾರವಾಗುತ್ತ ಹೋದಂತೆ ಆ ಮುಖ ಇಳಿಯತೊಡಗಿತು. ಅಕ್ಕ ಒಳಗೆ ಎಲ್ಲಿ ನಿಂತಿದ್ದಾಳೆ ಎಂದು ನನ್ನನ್ನು ಕೇಳಿದರು. ಯಾವಾಗಲೂ ನಿಲ್ಲುವ ಕಡೆಯೇ, ಸಿಲಿಂಡರಿನ ಪಕ್ಕದಲ್ಲಿ ಎಂದೆ. ಬೇಕೆಂತಲೇ ನಿಧಾನವಾಗಿ ಹೇಳಿದೆ. ಮರುಕ್ಷಣವೇ ಬಾಗಿಲು ದಬ್ಬಿ ಒಳನುಗ್ಗಿ ಕಂಪ್ರೆಸರ್ ಆರಿಸಿಬಿಟ್ಟರು. ಅವರ ಕೈ ಗಡಗಡ ನಡುಗುತ್ತಿತ್ತು.

ಅಕ್ಕ ಒತ್ತಡದ ಮೀಟರಿನ ಕಡೆ ಬೆರಳು ತೋರಿದರು. ಮುಳ್ಳು ನೂರೆಂಬತ್ತರಲ್ಲಿತ್ತು. ಇನ್ನೂರು ದಾಟಿಸುವ ಯೋಚನೆ ಅವರಿಗೆ ಇರಲೇ ಇಲ್ಲ.

“ನೂರೆಂಬತ್ತಕ್ಕೇ ನಿನ್ ಕೈ ನಡುಗ್ತಿದೆ,” ಎಂದರು. “ನೀನು ನೀರಿಗಿಳಿದಾಗೆಲ್ಲ, ಮೇಲೆ ಬರೋವರೆಗೂ ನಾನೂ ಹೀಗೇ ಆಚೆ ನಿಂತಿರ್ತೀನಿ ಕಣೋ.”

ಮರುದಿನ ನಮ್ಮವರು ಕೆಲಸ ಅರ್ಧವಾಗಿರುವಾಗಲೇ ಮೇಲೆ ಬಂದು ಸಿಲಿಂಡರ್ ಬದಲಾಯಿಸಿಕೊಂಡರು. ಕಟ್ಟೆಯ ಮೇಲೆ ನಿಂತಿದ್ದ ಅಕ್ಕನಿಗೆ ಒಮ್ಮೆ ಕೈ ಬೀಸಿ, ಆಮೇಲೆ ಮತ್ತೆ ಇಳಿದರು.