ಕಲ್ಲಿನೊಳಗಿನ ಹುಳು

ಕಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಶಿಡ್ಲಘಟ್ಟದಲ್ಲಲ್ಲದೆ ಇನ್ನೆಲ್ಲಿ!

ನಮ್ಮ ಪಕ್ಕದ ಮನೆಯ ಮುನಿಶಾಮಪ್ಪನವರು ಗೂಡು ಬೇಯಿಸಿ ರೇಷ್ಮೆ ತೆಗೆಯುವವರು. ಓದಿದ್ದು ನಾಲ್ಕನೇ ಕ್ಲಾಸು. ಹುಚ್ಚು ಮಾತ್ರ ಕಲ್ಲು ಕೂಡಿಸುವುದು. ಸ್ಕಂದಗಿರಿಯ ಬುಡವೋ, ನಗರಗೆರೆಯ ಹೊಸ ಬಾವಿಯೋ, ಎಲ್ಲಿ ನೆಲ ಅಗೆದರೂ ಅಲ್ಲಿ ಹಾಜರ್. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಲ್ಲಿ ಕಾಗೆಬಂಗಾರ, ಬೆಣಚುಕಲ್ಲು, ಬಳಪದ ಕಲ್ಲು ಎಲ್ಲವನ್ನೂ ಜೋಡಿಸಿದ್ದಾರೆ. (ಹುಳುವಿಗೇ ಚಂದ್ರಿಕೆ ಸಾಲದೆಂದು ಗೊಣಗುತ್ತ ಅವರ ಹೆಂಡತಿಯೇ ಧೂಳು ಒರೆಸುತ್ತಾರೆ.)

ನಗರಗೆರೆಯ ಬಾವಿಯಲ್ಲಿ ಸಿಕ್ಕ ಒಂದು ಕಲ್ಲು ಥೇಟ್ ರೇಷ್ಮೆಗೂಡಿನ ಆಕಾರ. ಅಲ್ಲಾಡಿಸಿದರೆ ಒಳಗೆ ಲೊಟಲೊಟ. ಮಾರ್ಕೆಟ್ಟಿನಲ್ಲಿ ದಿನಾ ಗೂಡನ್ನು ಹೀಗೇ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿಯೇ ಕೊಳ್ಳುವ ಮನುಷ್ಯನಿಗೆ ಇನ್ನೇನು ಸಾಕ್ಷಿ ಬೇಕು? ಗೂಡು ಕಲ್ಲಾಗಿದೆ, ಒಳಗೆ ಹುಳುವಿದೆ! ಹೈಸ್ಕೂಲಿನವರು ತಮ್ಮ ಸೈನ್ಸ್ ಎಕ್ಸಿಬಿಷನ್ನಿಗೆ ಬೇಕೆಂದು ಕೇಳಿದರು. ಮುನಿಶಾಮಪ್ಪನವರಿಗೆ ಆ ವಾರವೆಲ್ಲ ಕಾಲು ನೆಲದ ಮೇಲಿರಲಿಲ್ಲ. ‘ಕಲ್ಲಾದ ರೇಷ್ಮೆಗೂಡು’ ಎಂದು ಚೀಟಿ ಬರೆದುಕೊಟ್ಟವನು ನಾನೇ. ಅಷ್ಟಕ್ಕೆ ಬಿಡದೆ ಇದೇ ಅಂಕಣದಲ್ಲೂ ಬರೆದು ಮೀಸೆ ತಿರುವಿದ್ದೆ.

ಎಕ್ಸಿಬಿಷನ್ನಿನ ಹಿಂದಿನ ದಿನ, ಬೆಂಗಳೂರಿನಲ್ಲಿ ಜಿಯಾಲಜಿ ಪಾಠ ಹೇಳುವ ನನ್ನ ಭಾವಮೈದುನ ಬಂದ. ಚೀಲದಲ್ಲಿದ್ದ ಬಾಟಲಿಯಿಂದ ಕಲ್ಲಿನ ಮೇಲೆ ಒಂದು ಹನಿ ಆಸಿಡ್ ಬಿಟ್ಟ. ಬುಸ್ಸೆಂದು ನೊರೆ ಬಂತು.

“ಸುಣ್ಣದ ಉಂಡೆ ಅನ್ಸುತ್ತೆ. ಮಣ್ಣಲ್ಲಿ ತಾನಾಗೇ ಕಟ್ಕೊಳುತ್ತೆ. ಖಾತ್ರಿಯಾಗ್ಬೇಕು ಅಂದ್ರೆ ಒಡೀಬೇಕು” ಎಂದ.

ಮುನಿಶಾಮಪ್ಪನವರ ಮುಖ ನೋಡಲಾಗಲಿಲ್ಲ. “ನಾಳೆ ಒಂದಿನ ಕಳೀಲಿ, ಆಮೇಲೆ ಒಡೆದ್ರಾಯ್ತು ಬಿಡಿ” ಎಂದೆ. (ನನಗೆ ನನ್ನ ಅಂಕಣದ ಚಿಂತೆ!)

“ಅದೆಂಗಾಗ್ತದೆ ಸ್ವಾಮಿ? ಮಕ್ಳು ನಂಬ್ತಾರೆ. ಗೊತ್ತಿಲ್ದೆ ಹೇಳಿದ್ರೆ ತಪ್ಪು. ಅನುಮಾನ ಇಟ್ಕೊಂಡೂ ಹೇಳಿದ್ರೆ ಮೋಸ ಕಣಪ್ಪ.”

ಹಾಗೆಂದು ಮುನಿಶಾಮಪ್ಪನವರೇ ಸುತ್ತಿಗೆ ತಂದರು. ಒಂದೇ ಏಟು. ಒಳಗಿದ್ದದ್ದು ಒಣಗಿದ ಮಣ್ಣಿನ ಸಣ್ಣ ಹೆಂಟೆ. ಹುಳುವೂ ಇಲ್ಲ, ಎಳೆಯೂ ಇಲ್ಲ. ಅವರ ಕಣ್ಣಂಚು ಒದ್ದೆಯಾಯಿತು.

ಕಲ್ಲು ಹೋಯಿತು, ಇನ್ನು ಮನುಷ್ಯ ಮನೆಯಿಂದ ಹೊರಡುವುದಿಲ್ಲ ಎಂದುಕೊಂಡೆ. ಮರುದಿನ ಹೈಸ್ಕೂಲಿಗೆ ಹೋದರೆ ಮೇಜಿನ ಮೇಲೆ ಎರಡೂ ಹೋಳು ಕೂತಿವೆ! ಪಕ್ಕದಲ್ಲಿ ಮುನಿಶಾಮಪ್ಪನವರು, ಒಗೆದ ಪಂಚೆಯಲ್ಲಿ. ಚೀಟಿ ಈ ಸಲ ಅವರದೇ ಅಕ್ಷರ, ಸೊಟ್ಟಸೊಟ್ಟ: ‘ಸುಣ್ಣದ ಉಂಡೆ. ರೇಷ್ಮೆಗೂಡು ಎಂದು ತಪ್ಪು ತಿಳಿದಿದ್ದೆ. ಮುನಿಶಾಮಪ್ಪ.’

ಡಿಗ್ರಿಗಳನ್ನು ಗೋಡೆಗೆ ನೇತುಹಾಕಿಕೊಂಡವರಲ್ಲಿ ಎಷ್ಟು ಜನರಿಗೆ ಇದು ಸಾಧ್ಯ? ಇಂಥವರ ಪಕ್ಕದ ಮನೆಯಲ್ಲಿರುವುದು ನನ್ನ ಪುಣ್ಯ.

ಆದರೆ ಆ ಚೀಟಿಯ ಕೆಳಗೆ ನನ್ನ ಸಹಿಯೂ ಇರಬೇಕಿತ್ತಲ್ಲವೇ?